ಕೆಟ್ಟ ಸುದ್ದಿ ಬೇಗ ಬರಲಿ

ಪ್ರಿಯ ಓದುಗರೇ,

ಸಂಘದ ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಕಿರಿಯರು ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಸರ್, ಆಫೀಸಲ್ಲಿ ಮ್ಯಾನೇಜರ್ ಆಗು ಅಂತಿದ್ದಾರೆ. ಒಪ್ಪಿಕೊಳ್ಳಲಾ? ಕೋಡ್ ಬರೆಯೋದು ಬಿಟ್ಟುಹೋಗುತ್ತಾ?" ನಿಂತಲ್ಲೇ ಉತ್ತರ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಈ ಸಲ ಇಲ್ಲಿ ಬರೆಯುತ್ತಿದ್ದೇನೆ.

ಕೋಡ್ ಮುಕ್ಕಾಲು ಪಾಲು ಬಿಟ್ಟುಹೋಗುತ್ತದೆ. ಬೇರೆಯವರ ಕೋಡನ್ನು ನಾನು ಈಗಲೂ ಓದುತ್ತೇನೆ. ಆದರೆ ಇನ್ನೊಬ್ಬರು ಕಾಯಬೇಕಾದ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ. ಮೀಟಿಂಗ್‌ಗಳ ನಡುವೆ ಅದು ಮುಗಿಯುವುದೇ ಇಲ್ಲ. ಮೊದಲ ವರ್ಷ ಇದು ನನಗೆ ತುಂಬಾ ಕಷ್ಟವಾಯಿತು. ಸಂಜೆ ಹೊರಡುವಾಗ "ಇವತ್ತು ನಾನೇನು ಮಾಡಿದೆ?" ಅಂತ ಕೇಳಿಕೊಂಡರೆ ತೋರಿಸೋಕೆ ಏನೂ ಇರುತ್ತಿರಲಿಲ್ಲ.

ನನ್ನ ಕೆಲಸ ಯಾವುದು ಅಂತ ಅರ್ಥವಾಗಿದ್ದು ಒಂದು ಗುರುವಾರ ಮಧ್ಯಾಹ್ನ. ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು. "ಪ್ರೊಡಕ್ಷನ್‌ನಲ್ಲಿ ಆರ್ಡರ್ ಟೇಬಲ್ ಡಿಲೀಟ್ ಮಾಡಿಬಿಟ್ಟೆ. ಟೆಸ್ಟ್ ಅಂದುಕೊಂಡಿದ್ದೆ" ಅಂದ. ಪ್ರೊಡಕ್ಷನ್ ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸಿಸ್ಟಮ್; ಆರ್ಡರ್‌ಗಳ ದಾಖಲೆಯೆಲ್ಲ ಆ ಟೇಬಲ್‌ನಲ್ಲಿತ್ತು. ತಪ್ಪಾಗಿ ಎರಡು ನಿಮಿಷವೂ ಆಗಿರಲಿಲ್ಲ. ಬಾಯಿಗೆ ಬಂದ ಮೊದಲ ಮಾತನ್ನು ನುಂಗಿಕೊಂಡೆ. "ತಕ್ಷಣ ಹೇಳಿದ್ದು ಒಳ್ಳೇದಾಯ್ತು. ಬಾ, ನೋಡೋಣ" ಅಂದೆ.

ಮೊದಲು ಹೊಸ ಆರ್ಡರ್ ಬರದ ಹಾಗೆ ಸೈಟ್ ನಿಲ್ಲಿಸಿದೆವು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆದರೆ ಅದನ್ನು ಒಂದು ಸಲವಾದರೂ ರಿಸ್ಟೋರ್ ಮಾಡಿ, ಅಂದರೆ ವಾಪಸ್ ತುಂಬಿಸಿ, ನೋಡಿದವರು ತಂಡದಲ್ಲಿ ಯಾರೂ ಇರಲಿಲ್ಲ. ದಿನಾ ರಾತ್ರಿ "ಬ್ಯಾಕಪ್ ಆಯಿತು" ಅಂತ ಮೇಲ್ ಬರುತ್ತಿತ್ತು, ಅದನ್ನೇ ನಂಬಿಕೊಂಡಿದ್ದೆವು. ರಿಸ್ಟೋರ್ ಅರ್ಧಕ್ಕೆ ನಿಂತಿತು. ಡಿಸ್ಕ್‌ನಲ್ಲಿ ಜಾಗವಿರಲಿಲ್ಲ. ಎರಡನೇ ಸಲ ಸರಿಹೋಯಿತು. ಬೆಳಗಿನಿಂದ ಬಂದಿದ್ದ ಆರ್ಡರ್‌ಗಳನ್ನು ಗ್ರಾಹಕರಿಗೆ ಹೋಗಿದ್ದ ಮೇಲ್‌ಗಳಿಂದ ಒಂದೊಂದಾಗಿ ಹೆಕ್ಕಿ ತುಂಬಿಸಿದೆವು. ಮುಗಿದಾಗ ನಡುರಾತ್ರಿ ದಾಟಿತ್ತು.

ಮರುದಿನ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ, "ಯಾರು ಮಾಡಿದ್ದು?" ನಾನು ಹೆಸರು ಹೇಳಲಿಲ್ಲ. ಹುಡುಗನ ಪಕ್ಕ ಕೂತು ಅವನ ಸ್ಕ್ರೀನ್ ನೋಡಿದೆ. ಅಕ್ಕಪಕ್ಕ ಎರಡು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ), ಎರಡೂ ಕಪ್ಪು. ಸರ್ವರ್ ಹೆಸರಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅವತ್ತು ಅವನು ಕೂತಿದ್ದ, ಇನ್ನೊಂದು ದಿನ ಅಲ್ಲಿ ನಾನೇ ಕೂತಿರುತ್ತಿದ್ದೆ. ಆ ವಾರವೇ ಪ್ರೊಡಕ್ಷನ್ ಟರ್ಮಿನಲ್‌ಗೆ ಕೆಂಪು ಬಣ್ಣ ಹಾಕಿದೆವು. ಡಿಲೀಟ್ ಮಾಡುವ ಪರ್ಮಿಷನ್ ಎಲ್ಲರಿಂದಲೂ ತೆಗೆದೆವು, ಮೊದಲು ನನ್ನದನ್ನೇ. ತಿಂಗಳಿಗೊಮ್ಮೆ ಬ್ಯಾಕಪ್ ರಿಸ್ಟೋರ್ ಮಾಡಿ ನೋಡುವುದು ರೂಢಿಯಾಯಿತು. ಹುಡುಗ ಹೆದರಿ ಒಂದು ಗಂಟೆ ಸುಮ್ನೆ ಕೂತಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಕಳೆದುಹೋದ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಒಂದು ಸಾಫ್ಟ್‌ವೇರ್ ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದುತ್ತಿತ್ತು. ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ. ಇದನ್ನು ಯೂನಿಟ್ ಎಡವಟ್ಟು ಅಂತಲೇ ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಸಂಗತಿ. ನೌಕೆಯ ದಾರಿ ಲೆಕ್ಕ ಹಾಕುತ್ತಿದ್ದವರಿಗೆ ಏನೋ ಸರಿಯಿಲ್ಲ ಅಂತ ಮೊದಲೇ ಅನುಮಾನ ಬಂದಿತ್ತು. ಅನೌಪಚಾರಿಕವಾಗಿ ಹೇಳಿಯೂ ಇದ್ದರು. ಆ ಮಾತು ತಲುಪಬೇಕಾದ ಕಡೆಗೆ ತಲುಪಲಿಲ್ಲ.

ಕೆಟ್ಟ ಸುದ್ದಿ ತಡವಾಗಿ ಬಂದರೆ ಕೈಯಲ್ಲಿ ದಾರಿಗಳೂ ಉಳಿಯುವುದಿಲ್ಲ. ವಾರವಾರವೂ ಹಸಿರು, ಅಂದರೆ ಎಲ್ಲ ಸರಿಯಿದೆ, ಅಂತ ತೋರಿಸುತ್ತಿದ್ದ ಪ್ರಾಜೆಕ್ಟ್ ರಿಲೀಸ್ ವಾರದಲ್ಲಿ ದಿಢೀರಂತ ಕೆಂಪಾಗುತ್ತದೆ. ಆಗ ಎಲ್ಲರಿಗೂ ಹೊಳೆಯುವುದು ಒಂದೇ, ಇನ್ನಷ್ಟು ಜನರನ್ನು ಹಾಕೋಣ. ಐಬಿಎಂನಲ್ಲಿ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು, ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. 5 ಜನರಿದ್ದರೆ ಮಾತಾಡಿಕೊಳ್ಳಬೇಕಾದ ಜೋಡಿಗಳು 10. ಜನ 10 ಆದರೆ ಜೋಡಿಗಳು 45. ಜೊತೆಗೆ ಹೊಸಬರಿಗೆ ಕಲಿಸಬೇಕಾದವರು ಮೊದಲೇ ಸುಸ್ತಾಗಿರುತ್ತಾರೆ, ಅಲ್ವಾ?

ಅದಕ್ಕೇ ತಂಡದ ಒಬ್ಬೊಬ್ಬರ ಜೊತೆಗೂ ವಾರಕ್ಕೆ ಅರ್ಧ ಗಂಟೆ ಕೂರುತ್ತೇನೆ. ಎಷ್ಟೇ ಕೆಲಸವಿದ್ದರೂ ಅದನ್ನು ತಪ್ಪಿಸುವುದಿಲ್ಲ. "ಹೇಗೆ ನಡೀತಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ. "ಈ ವಾರ ಯಾವುದು ನಿನಗೆ ಭಯ ಹುಟ್ಟಿಸ್ತಿದೆ?" ಅಂತ ಕೇಳಿ, ಆಮೇಲೆ ಸುಮ್ಮನಿರಬೇಕು. ಹತ್ತು ಸೆಕೆಂಡಿನ ಮೌನ ತುಂಬಾ ದೊಡ್ಡದು ಅನ್ನಿಸುತ್ತದೆ. ಕಾದರೆ ಮಾತು ಬರುತ್ತದೆ.

ಈ ಕೆಲಸ ನಿಮಗೆ ಹಿಡಿಸುತ್ತದೆಯೇ ಅನ್ನುವುದಕ್ಕೆ ನನ್ನ ಗುರುತು ಇದು: ಜೊತೆಯವರು ಗೆದ್ದಾಗ ನಿಮಗೆ ನಿಮ್ಮ ಕೋಡ್ ಓಡಿದಷ್ಟೇ ಖುಷಿಯಾಗುತ್ತದೆಯೇ? ಆಗದಿದ್ದರೆ ಎಂಜಿನಿಯರ್ ಆಗಿಯೇ ಮುಂದುವರಿಯಿರಿ. ಅದೇನೂ ಕಡಿಮೆ ದಾರಿಯಲ್ಲ.

ನಿಮ್ಮ ಆಫೀಸಿನಲ್ಲೂ ಇಂಥ ಗುರುವಾರಗಳು ಬಂದಿರಬಹುದು. ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೇ ಇಟ್ಟಿದ್ದೇವೆ. ಹೆಸರು ಬೇಡ ಅಂದರೆ ಹಾಕುವುದಿಲ್ಲ.

— ಸಂಪಾದಕ