ಯೆಪ್ತಾಹನ ಹರಕೆಯನ್ನು ದೇವರು ಕೇಳಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಕ್ರೈಸ್ತರಿಗೆ ನೇರವಾಗಿ ಒಂದು ಪ್ರಶ್ನೆ ಹಾಕಿದ್ದರು. ಯುದ್ಧ ಗೆದ್ದು ಬಂದರೆ ಮನೆಬಾಗಿಲಿನಿಂದ ಎದುರಿಗೆ ಬಂದದ್ದನ್ನು ಸರ್ವಾಂಗಹೋಮ (ಇಡಿಯಾಗಿ ಸುಟ್ಟು ಅರ್ಪಿಸುವ ಬಲಿ) ಮಾಡುತ್ತೇನೆಂದು ಹರಕೆ ಹೊತ್ತು, ಕೊನೆಗೆ ಒಬ್ಬಳೇ ಮಗಳನ್ನು ಕೊಟ್ಟ ಬೈಬಲಿನ ಯೆಪ್ತಾಹ ನಿಮಗೆ ನಂಬಿಕೆಯ ವೀರ ಹೇಗಾದ? ಅಂಥ ಹೋಮವನ್ನು ಒಪ್ಪಿಕೊಂಡ ದೇವರು ಎಂಥವನು? ಈ ಮಾತಿನಲ್ಲಿ ನನಗೆ ಕುಹಕ ಕಾಣಲಿಲ್ಲ. ಓದಿ ನೊಂದವರ ಪ್ರಶ್ನೆ ಅದು. ಉತ್ತರವಾಗಿ ಬಂದ ಪತ್ರಗಳು ಮಾತ್ರ ‘ದೇವರ ಮಾರ್ಗ ನಮ್ಮ ಬುದ್ಧಿಗೆ ಎಟುಕದು’ ಎಂದು ಕೈತೊಳೆದುಕೊಂಡವು. ಒಬ್ಬ ಹೆಣ್ಣುಮಗಳ ಸಾವಿನ ಬಗ್ಗೆ ಹಾಗೆ ಹೇಳಿ ಎದ್ದುಹೋಗುವುದು ನನ್ನಿಂದಾಗದು. ಹಾಗಾಗಿ ಈ ಪತ್ರ.

ನಾನು ಬೆಟಗೇರಿಯವಳು, ನಿವೃತ್ತ ಶಿಕ್ಷಕಿ. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹದಿಹರೆಯದ ಮಕ್ಕಳಿಗೆ ವೇದಪಾಠ ಹೇಳಿಕೊಡುತ್ತೇನೆ. ನ್ಯಾಯಸ್ಥಾಪಕರ ಪುಸ್ತಕಕ್ಕೆ ಬಂದಾಗ ಗಿದ್ಯೋನನ ಮುನ್ನೂರು ಮಂದಿಯನ್ನೂ ಸಂಸೋನನ ಕೂದಲನ್ನೂ ಹೇಳಿ, ನಡುವೆ ಯೆಪ್ತಾಹನ ಕಥೆಯಿರುವ 11ನೆಯ ಅಧ್ಯಾಯವನ್ನು ಹಾರಿಸಿಬಿಡುವ ರೂಢಿ ಅನೇಕ ಕಡೆ ಇದೆ. ನಾನು ಹಾರಿಸುವುದಿಲ್ಲ. ಹಾರಿಸಿದರೆ ಮಕ್ಕಳು ಮನೆಗೆ ಹೋಗಿ ತಾವೇ ಓದುತ್ತಾರೆ. ಆಗ ಅವರ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಯೆಪ್ತಾಹ ಗಿಲ್ಯಾದ್ ಸೀಮೆಯವನು, ವೇಶ್ಯೆಯ ಮಗ. ಅಪ್ಪನ ಆಸ್ತಿಯಲ್ಲಿ ನಿನಗೆ ಪಾಲಿಲ್ಲವೆಂದು ಮಲ ಅಣ್ಣತಮ್ಮಂದಿರು ಅವನನ್ನು ಮನೆಯಿಂದ ಅಟ್ಟಿದರು. ಟೋಬ್ ದೇಶಕ್ಕೆ ಓಡಿಹೋಗಿ ಪುಂಡರ ಗುಂಪಿನೊಡನೆ ಬದುಕಿದ. ಅಮ್ಮೋನಿಯರು ದಂಡೆತ್ತಿ ಬಂದಾಗ ಗಿಲ್ಯಾದಿನ ಹಿರಿಯರು ಅವನನ್ನೇ ಹುಡುಕಿಕೊಂಡು ಬಂದರು. ಅವನು ಸುಮ್ಮನೆ ಎದ್ದು ಹೊರಡಲಿಲ್ಲ. ಗೆದ್ದರೆ ನನ್ನನ್ನು ನಿಮ್ಮ ಮುಖ್ಯಸ್ಥನನ್ನಾಗಿ ಮಾಡುತ್ತೀರಾ ಎಂದು ಮೊದಲು ಮಾತು ಕಟ್ಟಿಸಿಕೊಂಡ. ಆಮೇಲೆ ಅಮ್ಮೋನಿಯರ ಅರಸನೊಡನೆ ದೂತರ ಮೂಲಕ ಉದ್ದುದ್ದ ವಾದ ಹೂಡಿದ: ಇಸ್ರಾಯೇಲ್ಯರು ಇಲ್ಲಿ 300 ವರ್ಷದಿಂದ ಇದ್ದಾರೆ, ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು. ಹಿರಿಯರೊಡನೆ ಚೌಕಾಸಿ, ಅರಸನೊಡನೆ ಚೌಕಾಸಿ, ಕೊನೆಗೆ ದೇವರೊಡನೆಯೂ ಚೌಕಾಸಿ. ಒಡಹುಟ್ಟಿದವರೇ ಹೊರದಬ್ಬಿದ ಮನುಷ್ಯನಿಗೆ ಬೆಲೆ ಕೊಡದೆ ಏನೂ ಸಿಗುವುದಿಲ್ಲವೆಂಬ ಭಯ ಎಲುಬಿನೊಳಗೆ ಇಳಿದಿರುತ್ತದೆ. ಆ ಮಟ್ಟಿಗೆ ನನಗೆ ಅವನ ಮೇಲೆ ಕನಿಕರವಿದೆ.

ಆದರೆ ವಚನಗಳ ಕ್ರಮವನ್ನು ಗಮನಿಸಬೇಕು. 29ನೆಯ ವಚನದಲ್ಲಿ ಇಸ್ರಾಯೇಲ್ಯರ ದೇವರಾದ ಯೆಹೋವನ ಆತ್ಮ ಅವನ ಮೇಲೆ ಬರುತ್ತದೆ. ಹರಕೆ ಬರುವುದು 30ನೆಯ ವಚನದಲ್ಲಿ. ಅಂದರೆ ದೇವರು ತನ್ನ ಬಲವನ್ನು ಮೊದಲೇ ಕೊಟ್ಟಾಗಿತ್ತು. ಅದಕ್ಕೆ ಬೆಲೆ ಕಟ್ಟಲು ಹೋದವನು ಯೆಪ್ತಾಹ. ದೇವರು ಹರಕೆ ಕೇಳಲಿಲ್ಲ, ಕೇಳಿ ‘ಆಗಲಿ’ ಎನ್ನಲೂ ಇಲ್ಲ. ಗೆಲುವು ಬಂದಮೇಲೆ ಈ ಅಧ್ಯಾಯದಲ್ಲಿ ದೇವರ ಬಾಯಿಂದ ಒಂದು ಮಾತೂ ಇಲ್ಲ.

ಮನೆಯಲ್ಲಿ ಕಟ್ಟಿದ ಕುರಿಯೋ ಕರುವೋ ಎದುರು ಬಂದೀತೆಂದು ಅವನು ಎಣಿಸಿದ್ದನೆಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಕಾಲದ ಮನೆಗಳಲ್ಲಿ ದನಕರುಗಳನ್ನು ಒಳಗೇ ಕಟ್ಟುತ್ತಿದ್ದರು, ನಿಜ. ಆದರೆ ಗೆದ್ದು ಬಂದವರನ್ನು ದಮ್ಮಡಿ ಬಡಿದು ಕುಣಿಯುತ್ತ ಎದುರುಗೊಳ್ಳುವವರು ಹೆಂಗಸರು ಎಂಬುದು ಆ ನಾಡಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೇ? ಕೆಂಪು ಸಮುದ್ರ ದಾಟಿದಾಗ ಮಿರ್ಯಾಮಳು ಹಾಗೆಯೇ ದಮ್ಮಡಿ ಹಿಡಿದು ಹೊರಟಳು. ಮುಂದೆ ದಾವೀದ ಗೊಲ್ಯಾತನನ್ನು ಕೊಂದು ಬಂದಾಗಲೂ ಊರೂರಿನ ಹೆಂಗಸರು ಹಾಗೆಯೇ ಬಂದರು. ಬಾಗಿಲಿನಿಂದ ಯಾರು ಬರಬಹುದೆಂದು ಯೆಪ್ತಾಹ ಒಂದು ಗಳಿಗೆ ಯೋಚಿಸಿದ್ದರೆ ತಿಳಿಯುತ್ತಿತ್ತು. ಮಗಳನ್ನು ಕಂಡಾಗ ಅವನು ಬಟ್ಟೆ ಹರಿದುಕೊಂಡು ಆಡಿದ ಮಾತು ನನಗೆ ಇಂದಿಗೂ ಸಹಿಸಲಾಗದು: ನೀನು ನನ್ನನ್ನು ಕುಗ್ಗಿಸಿದೆ, ಸಂಕಟಕ್ಕೆ ಗುರಿಮಾಡಿದೆ ಎನ್ನುತ್ತಾನೆ. ಹರಕೆ ಹೊತ್ತವನು ತಾನು, ತಪ್ಪು ಹೊರಿಸುವುದು ಕುಣಿಯುತ್ತ ಬಂದ ಮಗಳ ಮೇಲೆ.

ಆಡಿದ ಮಾತನ್ನು ಹಿಂದೆಗೆಯಲಾರೆ ಎಂದ ಅವನಿಗೆ ದಾರಿಯೇ ಇರಲಿಲ್ಲವೆ? ಇತ್ತು. ಯಾಜಕಕಾಂಡದ 27ನೆಯ ಅಧ್ಯಾಯ ಶುರುವಾಗುವುದೇ ಅಲ್ಲಿಂದ. ಯಾರಾದರೂ ಮನುಷ್ಯರನ್ನು ದೇವರಿಗೆ ಹರಕೆ ಮಾಡಿದ್ದರೆ ಅವರಿಗೆ ಬದಲಾಗಿ ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬೇಕು. ಐದರಿಂದ ಇಪ್ಪತ್ತು ವರ್ಷದೊಳಗಿನ ಹುಡುಗಿಗೆ 10 ಶೆಕೆಲ್ (ಬೆಳ್ಳಿಯ ಅಂದಿನ ತೂಕ), ಇಪ್ಪತ್ತು ದಾಟಿದ ಹೆಂಗಸಿಗೆ 30 ಶೆಕೆಲ್. ಕೊಡಲು ಶಕ್ತಿಯಿಲ್ಲದವನಿಗೆ ಯಾಜಕನು ಕಡಿಮೆ ಮಾಡಬೇಕೆಂದೂ ಅಲ್ಲೇ ಬರೆದಿದೆ. ವಿಚಾರಿಸದೆ ಆಣೆಯಿಟ್ಟು ಆಮೇಲೆ ತಿಳಿದುಕೊಂಡವನು ಏನು ಮಾಡಬೇಕೆಂದು ಅದೇ ಕಾಂಡದ 5ನೆಯ ಅಧ್ಯಾಯ ಹೇಳುತ್ತದೆ: ತಪ್ಪನ್ನು ಒಪ್ಪಿಕೊಂಡು ದೋಷಪರಿಹಾರಕ್ಕೆ ಒಂದು ಹೆಣ್ಣು ಕುರಿಮರಿಯನ್ನೋ ಆಡನ್ನೋ ತರಬೇಕು. 27ನೆಯ ಅಧ್ಯಾಯದ ಕೊನೆಯಲ್ಲಿ, ಸಂಪೂರ್ಣವಾಗಿ ದೇವರಿಗೆಂದು ಬಿಟ್ಟ ಮನುಷ್ಯರನ್ನು ಬಿಡಿಸಬಾರದು ಎಂಬ ಮಾತೂ ಇದೆ, ಅದನ್ನು ತೋರಿಸಿ ವಾದಿಸುವವರಿದ್ದಾರೆ. ಆದರೆ ಅದು ಹೋಮದ ಮಾತಲ್ಲ. ಯೆಪ್ತಾಹ ಹೊತ್ತದ್ದು ಸರ್ವಾಂಗಹೋಮದ ಹರಕೆ, ಮನುಷ್ಯರನ್ನು ಹಾಗೆ ಸುಡುವುದಕ್ಕೆ ಧರ್ಮಶಾಸ್ತ್ರದಲ್ಲಿ ಎಲ್ಲಿಯೂ ಜಾಗವಿಲ್ಲ. ಅನ್ಯಜನರು ಗಂಡುಹೆಣ್ಣು ಮಕ್ಕಳನ್ನು ಬೆಂಕಿಯಲ್ಲಿ ಸುಡುತ್ತಾರೆ, ಯೆಹೋವನಿಗೆ ಅದು ಹೇಯ ಎಂದು ಧರ್ಮೋಪದೇಶಕಾಂಡದ 12ನೆಯ ಅಧ್ಯಾಯ ಬಿಚ್ಚಿ ಹೇಳುತ್ತದೆ. ಯೆರೆಮೀಯನ ಪುಸ್ತಕದಲ್ಲಿ (7:31) ದೇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮಕ್ಕಳನ್ನು ಸುಡಿರೆಂದು ನಾನು ಆಜ್ಞಾಪಿಸಲಿಲ್ಲ, ಅದು ನನ್ನ ಮನಸ್ಸಿಗೂ ಬಂದಿರಲಿಲ್ಲ ಎನ್ನುತ್ತಾನೆ. ಕಳೆದ ವಾರದ ಪತ್ರ ಬರೆದವರಿಗೆ ನನ್ನ ಮೊದಲ ಉತ್ತರ ಈ ವಚನ.

ಹಾಗಾದರೆ ಆ ಹರಕೆ ಅವನ ತಲೆಗೆ ಬಂದದ್ದು ಎಲ್ಲಿಂದ? ಸುತ್ತಲಿನಿಂದ ಎಂದು ನನಗೆ ತೋರುತ್ತದೆ. ಅರಸನಿಗೆ ಕಳಿಸಿದ ಮಾತಿನಲ್ಲಿ ಯೆಪ್ತಾಹನು ಕೆಮೋಷ್ ದೇವತೆ ನಿಮಗೆ ಕೊಟ್ಟದ್ದನ್ನು ನೀವು ಇಟ್ಟುಕೊಳ್ಳಿ, ಯೆಹೋವ ಕೊಟ್ಟದ್ದನ್ನು ನಾವು ಇಟ್ಟುಕೊಳ್ಳುತ್ತೇವೆ ಎನ್ನುತ್ತಾನೆ. ಕೆಮೋಷ್ ಅಮ್ಮೋನಿಯರ ನೆರೆಯವರಾದ ಮೋವಾಬ್ಯರ ದೇವತೆ. 1868ರಲ್ಲಿ ಇಂದಿನ ಜೋರ್ಡಾನಿನ ಧಿಬಾನ್ ಎಂಬಲ್ಲಿ ಬೆಳಕಿಗೆ ಬಂದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಮೋವಾಬಿನ ಅರಸ ಮೇಷನ ಶಾಸನದಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಅದೇ ಮೇಷನು ಸೋಲುವ ಹೊತ್ತಿಗೆ ಪಟ್ಟಕ್ಕೆ ಬರಬೇಕಾದ ಹಿರಿಮಗನನ್ನು ಕೋಟೆಗೋಡೆಯ ಮೇಲೆ ಹೋಮ ಮಾಡಿದನೆಂದು ಎರಡನೆಯ ಅರಸುಗಳ ಪುಸ್ತಕದ 3ನೆಯ ಅಧ್ಯಾಯ ಹೇಳುತ್ತದೆ. ಯೆಪ್ತಾಹನಿಗಿಂತ ಬಹುಕಾಲದ ನಂತರದ ಘಟನೆ ಅದು, ಆದರೆ ಆ ಸೀಮೆಯ ಜನ ದೇವರನ್ನು ಹೇಗೆ ಒಲಿಸಿಕೊಳ್ಳಲು ನೋಡುತ್ತಿದ್ದರೆಂಬುದು ಗೊತ್ತಾಗುತ್ತದೆ. ಯೆಪ್ತಾಹ ಯೆಹೋವನ ಹೆಸರು ಹೇಳಿದ, ಕೆಮೋಷನಿಗೆ ಸಲ್ಲಿಸುವಂಥದ್ದನ್ನು ಸಲ್ಲಿಸಿದ.

ಮಗಳು ಸಾಯಲಿಲ್ಲ, ಮದುವೆಯಿಲ್ಲದೆ ದೇವರ ಸೇವೆಗೆ ಮೀಸಲಾಗಿ ಉಳಿದಳು ಎಂಬ ಅರ್ಥವೂ ಒಂದುಂಟು. 12-13ನೆಯ ಶತಮಾನದ ಯೆಹೂದಿ ಪಂಡಿತ ದಾವೀದ್ ಕಿಮ್ಹಿ ಹಾಗೆ ಬರೆದರು. ಇಂದಿನ ಅನೇಕ ಸಭಾಪಾಲಕರೂ ಅದನ್ನೇ ಹೇಳುತ್ತಾರೆ. ಅವಳು ತನ್ನ ಕನ್ಯಾವಸ್ಥೆಗಾಗಿ ಅತ್ತಳೆಂಬ ಮಾತು ಅವರಿಗೆ ಆಧಾರ. ನನಗೂ ಅದು ನಿಜವಾಗಿದ್ದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಆದರೆ ತಂದೆ ಹರಕೆಯ ಪ್ರಕಾರವೇ ಮಾಡಿದನೆಂದು 39ನೆಯ ವಚನ ಹೇಳುವಾಗ ನಮ್ಮ ನೆಮ್ಮದಿಗೋಸ್ಕರ ಅದನ್ನು ಮೃದು ಮಾಡುವುದು ನ್ಯಾಯವಲ್ಲ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಯೋಸೇಫಸ್ ಮೃದು ಮಾಡಲಿಲ್ಲ. ಯೆಪ್ತಾಹ ಮಗಳನ್ನು ಬಲಿಕೊಟ್ಟ, ಅದು ಧರ್ಮಶಾಸ್ತ್ರಕ್ಕೂ ಸರಿಯಲ್ಲ, ದೇವರಿಗೂ ಒಪ್ಪಿಗೆಯಲ್ಲ ಎಂದು ಬರೆದಿಟ್ಟ.

ಹಳೆಯ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ವ್ಯಾಖ್ಯಾನವೊಂದು ನನ್ನನ್ನು ಬಿಡದೆ ಕಾಡುತ್ತದೆ. ಆ ಹರಕೆಯನ್ನು ಬಿಡಿಸಬಲ್ಲ ಯಾಜಕ ಫೀನೆಹಾಸ ಆಗ ಬದುಕಿದ್ದನಂತೆ. ‘ನಾನು ಇಸ್ರಾಯೇಲಿನ ಮುಖ್ಯಸ್ಥ, ಅವನ ಬಳಿಗೆ ನಾನೇಕೆ ಹೋಗಲಿ’ ಎಂದು ಯೆಪ್ತಾಹ. ‘ನಾನು ಮಹಾಯಾಜಕನ ವಂಶದವನು, ಆ ತಿಳಿಗೇಡಿಯ ಬಳಿಗೆ ನಾನೇಕೆ ಹೋಗಲಿ’ ಎಂದು ಫೀನೆಹಾಸ. ಇಬ್ಬರ ದೊಡ್ಡಸ್ತಿಕೆಯ ನಡುವೆ ಹುಡುಗಿ ಸತ್ತಳು. ಇದು ಸತ್ಯವೇದದೊಳಗಿನ ಮಾತಲ್ಲ, ನಿಜ. ಆದರೂ ಅವಳು ಬೆಟ್ಟಗಳಲ್ಲಿ ಗೆಳತಿಯರೊಡನೆ ಅಳುತ್ತ ಕಳೆದ ಎರಡು ತಿಂಗಳನ್ನು ನೆನೆದುಕೊಳ್ಳಿ. ಆ ಎರಡು ತಿಂಗಳಲ್ಲಿ ಊರಿನ ಒಬ್ಬನಾದರೂ ಹಿರಿಯ, ಒಬ್ಬನಾದರೂ ಯಾಜಕ ಯೆಪ್ತಾಹನ ಮನೆಯ ಹೊಸ್ತಿಲು ತುಳಿದು ಇದು ತಪ್ಪು ಎನ್ನಲಿಲ್ಲ. ಮುಂದೆ ಇಸ್ರಾಯೇಲಿನ ಅರಸ ಸೌಲನು ಹೀಗೆಯೇ ಆಣೆಯಿಟ್ಟು ಮಗ ಯೋನಾತಾನನನ್ನು ಕೊಲ್ಲಲು ಹೊರಟಾಗ ಜನರೆಲ್ಲ ಅಡ್ಡನಿಂತು ಬಿಡಿಸಿಕೊಂಡರು. ಯೋನಾತಾನ ಅರಸನ ಮಗ, ಯುದ್ಧ ಗೆದ್ದವನು. ಈ ಹುಡುಗಿಗೆ ಅಡ್ಡನಿಲ್ಲಲು ಜನರಿರಲಿಲ್ಲ.

ಈ ಅಧ್ಯಾಯವನ್ನು ಒಂಟಿಯಾಗಿ ಓದಿದರೆ ದಾರಿ ತಪ್ಪುತ್ತದೆ, ಇಡೀ ಪುಸ್ತಕದ ನಡೆಯಲ್ಲಿ ಇಟ್ಟು ನೋಡಬೇಕು. ಮೊದಲನೆಯ ಅಧ್ಯಾಯದಲ್ಲಿ ಕಾಲೇಬನ ಮಗಳು ಅಕ್ಸಾ ಕತ್ತೆಯಿಂದಿಳಿದು ತಂದೆಯನ್ನು ಧೈರ್ಯವಾಗಿ ನೀರಿನ ಬುಗ್ಗೆ ಕೇಳುತ್ತಾಳೆ, ತಂದೆ ಎರಡು ಕೊಡುತ್ತಾನೆ. 11ಕ್ಕೆ ಬರುವಾಗ ಮಗಳು ಕೇಳುವುದು ಅಳುವುದಕ್ಕೆ ಎರಡು ತಿಂಗಳು. 15ರಲ್ಲಿ ಸಂಸೋನನ ಹೆಂಡತಿಯನ್ನು ಸುಡುತ್ತಾರೆ. 19ರಲ್ಲಿ ಲೇವಿಯನ ಉಪಪತ್ನಿಗೆ ಆದದ್ದನ್ನು ನಾನು ಇಲ್ಲಿ ಬರೆಯಲಾರೆ. ಕೊನೆಯ ಅಧ್ಯಾಯದಲ್ಲಂತೂ ಬೆನ್ಯಾಮೀನ್ಯರಿಗೆ ಹೆಣ್ಣು ಕೊಡುವುದಿಲ್ಲವೆಂದು ಆಣೆಯಿಟ್ಟಿದ್ದ ಇಸ್ರಾಯೇಲ್ಯರು, ಆ ಕುಲದಲ್ಲಿ ಉಳಿದ 600 ಗಂಡಸರಿಗಾಗಿ ಆಣೆಯನ್ನು ಬಳಸಿಕೊಂಡು ಹೋಗಲು ಉಪಾಯ ಹುಡುಕುತ್ತಾರೆ. ಯಾಬೇಷ್ ಗಿಲ್ಯಾದಿನವರನ್ನು ಕೊಂದು 400 ಕನ್ಯೆಯರನ್ನು ತರುತ್ತಾರೆ. ಸಾಲದ್ದಕ್ಕೆ ಶೀಲೋವಿನ ಹಬ್ಬದಲ್ಲಿ ಕುಣಿಯಲು ಬಂದ ಹುಡುಗಿಯರನ್ನು ಹೊತ್ತೊಯ್ಯಿರಿ ಎಂದು ಹೇಳಿಕೊಡುತ್ತಾರೆ. ಗಂಡಸರ ಕುಲ ಉಳಿಯಬೇಕಾದಾಗ ಆಣೆಗೆ ಉಪಾಯ ಸಿಕ್ಕಿತು, ಯೆಪ್ತಾಹನ ಮಗಳು ಉಳಿಯಬೇಕಾಗಿದ್ದಾಗ ಸಿಗಲಿಲ್ಲ. ಪ್ರತಿಯೊಬ್ಬನೂ ತನಗೆ ಸರಿಕಂಡದ್ದನ್ನು ಮಾಡುತ್ತಿದ್ದ ಎಂದು ಪುಸ್ತಕ ಮುಗಿಯುತ್ತದೆ. ಇದು ಮಾದರಿಗಾಗಿ ಬರೆದದ್ದಲ್ಲ, ಇಸ್ರಾಯೇಲ್ ತನ್ನ ಪಾಪವನ್ನು ತಾನೇ ದಾಖಲಿಸಿಕೊಂಡದ್ದು. ನಾವು ಹೇಗೆ ಓದಬೇಕೆಂಬುದನ್ನೂ 40ನೆಯ ವಚನ ಹೇಳಿಕೊಡುತ್ತದೆ. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಗೋಳಾಡುತ್ತಿದ್ದರು. ತಂದೆಯನ್ನು ಹೊಗಳಿ ಯಾರೂ ಹಬ್ಬ ಮಾಡಲಿಲ್ಲ.

ಇನ್ನು ನಂಬಿಕೆಯ ವೀರರ ಪಟ್ಟಿಯಿರುವ, ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ. ಯೆಪ್ತಾಹನ ಹೆಸರು ಅಲ್ಲಿದೆ, ಮರೆಮಾಡುವುದಿಲ್ಲ. ಅದೇ ವಚನದಲ್ಲಿ ಸಂಸೋನನೂ ಇದ್ದಾನೆ, ಊರೀಯನನ್ನು ಕೊಲ್ಲಿಸಿದ ದಾವೀದನೂ ಇದ್ದಾನೆ. ರಾಜ್ಯಗಳನ್ನು ಗೆದ್ದರು, ದುರ್ಬಲರಾಗಿದ್ದು ಬಲ ಹೊಂದಿದರು ಎಂದು ಮುಂದಿನ ವಚನಗಳು ಹೇಳುತ್ತವೆ. ಹೊರದಬ್ಬಿಸಿಕೊಂಡವನು ದೇವರನ್ನು ನಂಬಿ ಅಮ್ಮೋನಿಯರ ಎದುರು ನಿಂತದ್ದು ಆ ಪಟ್ಟಿಗೆ ಸೇರಿದೆ. ಮಗಳ ಸಾವಿನ ಮಾತು ಅಲ್ಲಿ ಒಂದಕ್ಷರವೂ ಇಲ್ಲ. ಒಬ್ಬ ಮನುಷ್ಯನ ನಂಬಿಕೆಯನ್ನು ನೆನೆಯುವುದು ಬೇರೆ, ಅವನು ಮಾಡಿದ್ದಕ್ಕೆಲ್ಲ ಮುದ್ರೆಯೊತ್ತುವುದು ಬೇರೆ.

ಕ್ರೈಸ್ತಳಾಗಿ ನಾನು ಕೊನೆಯ ಮಾತನ್ನು ಕ್ರಿಸ್ತನಿಂದಲೇ ಕೇಳುವವಳು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಆತನ ಮುಂದೆ ಒಂದು ಹರಕೆಯ ವ್ಯಾಜ್ಯವೇ ಬರುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಮುಡಿಪು ಎಂದು ಹೇಳಿ ಅವರನ್ನು ಕೈಬಿಡುವವರಿಗೆ, ನಿಮ್ಮ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ಇಲ್ಲವಾಗಿಸುತ್ತೀರಿ ಎಂದು ಆತ ಗದರಿಸಿದ. ಇನ್ನೊಬ್ಬರ ಜೀವಕ್ಕೆ ಕುತ್ತು ತರುವ ಹರಕೆ ದೇವರದ್ದಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಅದಕ್ಕೆ ಹಿಂದಿನ ಅಧ್ಯಾಯದಲ್ಲೇ, ಔತಣದಲ್ಲಿ ಆಣೆಯಿಟ್ಟದ್ದಕ್ಕಾಗಿ ಸ್ನಾನಿಕನಾದ ಯೋಹಾನನ ತಲೆ ಕಡಿಸಿದ ಹೆರೋದನಿದ್ದಾನೆ. ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಆಂಬ್ರೋಸ್ ಹೆರೋದನನ್ನೂ ಯೆಪ್ತಾಹನನ್ನೂ ಒಟ್ಟಿಗೇ ಇಟ್ಟು, ಅಂಥ ಮಾತನ್ನು ಕೊಡಲೇಬಾರದಿತ್ತು ಎಂದರು. ಆಣೆ ಮುರಿಯಲು ಅಂಜಿದ ಹೆರೋದನನ್ನು ನಮ್ಮಲ್ಲಿ ಯಾರೂ ಹೊಗಳುವುದಿಲ್ಲ. ಯೆಪ್ತಾಹನಿಗೆ ಮಾತ್ರ ಯಾಕೆ ರಿಯಾಯಿತಿ?

ಇತ್ತೀಚೆಗೆ ಒಂದು ಯೌವನಸ್ಥರ ಕೂಟದಲ್ಲಿ ಪ್ರಸಂಗಿಗಳೊಬ್ಬರು ಹುಡುಗಿಯರ ಕಡೆ ತಿರುಗಿ, ಯೆಪ್ತಾಹನ ಮಗಳಂತೆ ತಂದೆಯ ಮಾತಿಗೆ ತಲೆಬಾಗಿರಿ, ಕ್ರಿಸ್ತನೂ ಹಾಗೆಯೇ ವಿಧೇಯನಾದನು ಎಂದರು. ನಾನು ಅಲ್ಲಿದ್ದೆ. ಈ ಹೋಲಿಕೆ ನಿಲ್ಲುವುದಿಲ್ಲ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದವನು ಕ್ರಿಸ್ತ. ಆ ಹುಡುಗಿಯ ಪ್ರಾಣವನ್ನು ಅವಳಪ್ಪ ಅವಳಿಗೆ ತಿಳಿಯದಂತೆ ರಣರಂಗದಲ್ಲೇ ಮಾತಿಗೆ ಕೊಟ್ಟುಬಿಟ್ಟಿದ್ದ. ಅವಳ ಒಪ್ಪಿಗೆ ಬಂದದ್ದು ಆಮೇಲೆ. ಶಿಲುಬೆಯನ್ನು ನಂಬುವವರಿಗೆ ಇನ್ನೊಬ್ಬರ ಮಗುವನ್ನಾಗಲಿ, ತಮ್ಮ ಮಗುವನ್ನಾಗಲಿ ದೇವರಿಗೆ ಬೆಲೆಯಾಗಿ ಎಣಿಸಿಕೊಡುವ ಕಾರಣವೇ ಉಳಿದಿಲ್ಲ.

ನಮ್ಮ ಸಭೆಗಳಲ್ಲಿ ಬೆಂಕಿಯಿಲ್ಲ, ಬಲಿಪೀಠವಿಲ್ಲ. ಹರಕೆ ಇದೆ. ಹೆರಿಗೆ ಕಷ್ಟವಾದಾಗ, ಕೂಸಿಗೆ ಜ್ವರ ನೆತ್ತಿಗೇರಿದಾಗ, ಈ ಮಗು ಉಳಿದರೆ ಕರ್ತನ ಸೇವೆಗೆ ಕೊಡುತ್ತೇವೆ ಎನ್ನುವ ತಾಯ್ತಂದೆಯರನ್ನು ನಾನು ಬಲ್ಲೆ. ಆ ಗಳಿಗೆಯ ಕಣ್ಣೀರನ್ನು ನಾನು ಹಗುರ ಮಾಡುವುದಿಲ್ಲ. ನನ್ನ ವೇದಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ನರ್ಸಿಂಗ್ ಓದಬೇಕೆಂದಿದ್ದಳು. ನೀನು ಹುಟ್ಟುವ ಮೊದಲೇ ನಿನ್ನನ್ನು ಸೇವೆಗೆ ಕೊಟ್ಟಾಗಿದೆ ಎಂದು ಮನೆಯವರು ಅವಳನ್ನು ದೂರದ ಬೈಬಲ್ ಶಾಲೆಯೊಂದಕ್ಕೆ ಕಳಿಸಿದರು. ಹೋಗುವ ಮುನ್ನ ಅವಳು ನನ್ನನ್ನು ಕೇಳಿದಳು: ‘ಟೀಚರ್, ಒಲ್ಲೆ ಅಂದರೆ ಅಮ್ಮನಿಗೆ ಏನಾದರೂ ಕೇಡಾಗುತ್ತದಾ?’ ಏನೂ ಆಗುವುದಿಲ್ಲ ಎಂದು ನಾನು ಹೇಳಿದೆ, ಅವಳ ತಾಯಿಯ ಮುಂದೆಯೂ ಹೇಳಿದೆ. ಬೈಬಲಿನ ಹನ್ನಳು ಹರಕೆ ಹೊತ್ತು ಮಗ ಸಮುವೇಲನನ್ನು ಕೊಡಲಿಲ್ಲವೆ ಎಂದು ಆ ತಾಯಿ ತಿರುಗಿ ಕೇಳಿದರು. ಹನ್ನಳ ಮಗನನ್ನು ದೇವರು ತಾನೇ ಹೆಸರು ಹಿಡಿದು ಕರೆದ, ಹುಡುಗ ತಾನೇ ‘ಅಪ್ಪಣೆಯಾಗಲಿ’ ಎಂದ. ಕರೆ ಬರುವುದು ಮಗುವಿಗೆ, ಹರಕೆ ಹೊತ್ತ ತಾಯಿಗಲ್ಲ.

ಸಭಾಪಾಲಕರಿಗೆ ನನ್ನ ಬಿನ್ನಹ ಇಷ್ಟೇ. ಇಂಥ ಹರಕೆ ಹೊತ್ತ ಮನೆ ನಿಮ್ಮ ಸಭೆಯಲ್ಲಿದ್ದರೆ ಅವರು ಬರಲಿ ಎಂದು ಕಾಯಬೇಡಿ. ನೀವೇ ಹೋಗಿ, ಮಗುವನ್ನೂ ಕೂರಿಸಿಕೊಂಡು ಯಾಜಕಕಾಂಡದ 27ನೆಯ ಅಧ್ಯಾಯವನ್ನು ಓದಿ. ಹರಕೆಯಿಂದ ಬಿಡಿಸಬಹುದೆಂದು ಆ ತಾಯ್ತಂದೆಗೆ ಹೇಳಿ, ಅವರೊಡನೆ ಪ್ರಾರ್ಥಿಸಿ. ಮುಂದೆ ಏನು ಓದುತ್ತೀಯೆಂದು ಆ ಮಗುವನ್ನೇ ಕೇಳಿ.

ನಿವೃತ್ತ ಶಿಕ್ಷಕಿ,
ಬೆಟಗೇರಿ, ಗದಗ