ಬಾಲಕರ ಗಾಯನ ತಂಡದ ಪ್ರವಾಸ ಮತ್ತು ಅದರ ನೇತೃತ್ವ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು.

ನಮ್ಮ ಶಾಲೆಯ ಬಾಲಕರ ಗಾಯನ ತಂಡ ಈ ದಸರಾ ರಜೆಯಲ್ಲಿ ಪ್ರವಾಸ ಹೊರಡಲಿದೆ. ಹಾಸನದಿಂದ ಬೇಲೂರು, ಅಲ್ಲಿಂದ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ. ಅಲ್ಲಿಂದ ಮರಳಿ ಹಾಸನ. ದಿನಕ್ಕೆ ಒಂದೇ ಕಾರ್ಯಕ್ರಮ, ಅದೂ ಸಂಜೆ. ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಮೊದಲೇ ಮಕ್ಕಳು ಮನೆ ಸೇರಿರುತ್ತಾರೆ. ಆಮೇಲೆ ಊರಿಗೆ ಹರಿದು ಬರುವ ಜನಸಂದಣಿಯಲ್ಲಿ ಮಕ್ಕಳ ಬಸ್ಸು ಸಿಕ್ಕಿಕೊಳ್ಳುವುದು ಬೇಡ.

ವಿಷಯ ಇಷ್ಟೇ ಆಗಿದ್ದರೆ ಸುತ್ತೋಲೆಯೊಂದು ಸಾಕಿತ್ತು. ಆದರೆ ಹಾಡುವವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿದ ದಿನದಿಂದ ತಮ್ಮಲ್ಲಿ ಹಲವರು ಕಚೇರಿಗೆ ಬಂದು ಹೋಗಿದ್ದೀರಿ. ಕಳೆದ ವರ್ಷ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತಂದ ಹುಡುಗನ ಹೆಸರೇ ಇಲ್ಲವಲ್ಲ, ಇದನ್ನು ತೀರ್ಮಾನಿಸಿದವರು ಯಾರು ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ತೀರ್ಮಾನ ನಮ್ಮ ಸಂಗೀತ ಶಿಕ್ಷಕಿಯವರದು. ತಂಡದ ಕಲಾ ನೇತೃತ್ವವನ್ನು ಈ ವರ್ಷದಿಂದ ಪೂರ್ತಿಯಾಗಿ ಅವರಿಗೆ ವಹಿಸಿದ್ದೇನೆ. ಯಾವ ಹಾಡು, ಯಾವ ಶ್ರುತಿ, ಯಾರು ಮುಂದಿನ ಸಾಲಿನಲ್ಲಿ, ಯಾರ ಗಂಟಲಿಗೆ ವಿಶ್ರಾಂತಿ ಎಂಬುದರಲ್ಲೆಲ್ಲ ಅವರದೇ ಕೊನೆಯ ಮಾತು. ಮುಖ್ಯೋಪಾಧ್ಯಾಯರ ಶಿಫಾರಸಿಗೆ ಅಲ್ಲಿ ಜಾಗವಿಲ್ಲ. ಹೀಗಿರಬೇಕೆಂದು ಬಯಸಿದವನು ನಾನೇ.

ಕಾರಣ ಮಕ್ಕಳ ಗಂಟಲು. ಹನ್ನೆರಡು, ಹದಿಮೂರು, ಹದಿನಾಲ್ಕರ ಆಸುಪಾಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿದಿರುತ್ತದೆ. ನಡುವಿನ ತಿಂಗಳುಗಳಲ್ಲಿ ದನಿ ಒಡೆಯುತ್ತದೆ, ಕೀರಲಾಗುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಇದು ಕಾಯಿಲೆಯಲ್ಲ. ಹಿಪ್ಪಲಿ ಕಷಾಯದಿಂದಾಗಲಿ ಕಲ್ಲುಸಕ್ಕರೆ ಮೆಣಸಿನಿಂದಾಗಲಿ ಹಳೆಯ ದನಿ ಮರಳಿ ಬರುವುದಿಲ್ಲ. ಆ ಸಮಯದಲ್ಲಿ ಹುಡುಗನನ್ನು ಬಲವಂತವಾಗಿ ತಾರಸ್ಥಾಯಿಗೆ ಎಳೆದರೆ ಗಂಟಲಿಗೆ ಆಯಾಸ, ಮನಸ್ಸಿಗೆ ಅವಮಾನ.

ಕಳೆದ ವಾರ ಅಭ್ಯಾಸದ ಕೊಠಡಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಶಿಕ್ಷಕಿ ಶ್ರುತಿಪೆಟ್ಟಿಗೆ ಹಾಕಿ ಎಲ್ಲರನ್ನೂ ಷಡ್ಜದಲ್ಲಿ ನಿಲ್ಲಿಸಿದರು. ಹುಡುಗರು ಹಾಡುತ್ತಿದ್ದಂತೆ ಸಾಲುಗಳ ನಡುವೆ ನಡೆದು, ಒಬ್ಬೊಬ್ಬರ ಪಕ್ಕದಲ್ಲೂ ಬಗ್ಗಿ ಕಿವಿಗೊಟ್ಟರು. ಎಂಟನೆಯ ತರಗತಿಯ ಒಬ್ಬನ ಬಳಿ ನಿಂತರು. ಪಂಚಮದವರೆಗೆ ನೆಟ್ಟಗಿದ್ದ ಅವನ ದನಿ ಮೇಲಿನ ಷಡ್ಜ ಮುಟ್ಟುವಾಗ ಚಕ್ಕನೆ ಒಡೆಯಿತು. ಹುಡುಗನ ಕಿವಿಯವರೆಗೂ ಕೆಂಪಾಯಿತು. ಅವರು ಏನೂ ಆಗದವರಂತೆ ಮೇಜಿನ ಮೇಲಿದ್ದ ತಾಳದ ಜೋಡಿಯನ್ನು ಅವನ ಕೈಗಿತ್ತು, "ಲಯ ಇನ್ನು ಮೇಲೆ ನಿನ್ನದು. ಇವರೆಲ್ಲ ಓಡಿದರೆ ಹಿಡಿದು ನಿಲ್ಲಿಸಬೇಕು" ಎಂದರು. ಅಭ್ಯಾಸ ಮುಗಿಯುವವರೆಗೂ ಆ ಹುಡುಗ ತಾಳದಿಂದ ಕಣ್ಣೆತ್ತಲಿಲ್ಲ. ತಂಡವನ್ನು ಯಾರಿಗೆ ಒಪ್ಪಿಸಬೇಕು ಎಂಬ ಬಗ್ಗೆ ನನ್ನಲ್ಲಿ ಯಾವ ಅನುಮಾನವೂ ಉಳಿದಿಲ್ಲ.

ಹೀಗೆ ದನಿ ಒಡೆದಿರುವ ಯಾವ ಹುಡುಗನನ್ನೂ ತಂಡದಿಂದ ಕೈಬಿಟ್ಟಿಲ್ಲ. ಎಲ್ಲರೂ ಬಸ್ಸು ಹತ್ತುತ್ತಾರೆ. ತಾಳ, ಕಂಜೀರ, ನಿರೂಪಣೆ ಅವರ ಪಾಲಿಗೆ. ಫಲಕದ ಮೇಲಿರುವುದು ಹಾಡುವವರ ಪಟ್ಟಿ ಮಾತ್ರ.

ಬಾಲಕರ ಗಾಯನ ತಂಡಗಳಲ್ಲಿ ಜಗತ್ತಿಗೇ ಹೆಸರಾದದ್ದು ಆಸ್ಟ್ರಿಯಾದ ವಿಯೆನ್ನಾ ನಗರದ್ದು. 1498ರಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಅರಮನೆಯ ಪ್ರಾರ್ಥನಾ ಮಂದಿರಕ್ಕಾಗಿ ಹುಡುಗರನ್ನು ನೇಮಿಸಿದಲ್ಲಿಂದ ಅದರ ಕಥೆ ಆರಂಭ. 1918ರಲ್ಲಿ ಅರಸೊತ್ತಿಗೆ ಹೋಯಿತು, ಜೊತೆಗೆ ಅರಮನೆಯ ಆಸರೆಯೂ ಹೋಯಿತು. ಜೋಸೆಫ್ ಶ್ನಿಟ್ ಎಂಬ ಪಾದ್ರಿ 1924ರಲ್ಲಿ ತಂಡವನ್ನು ಮತ್ತೆ ಕಟ್ಟಿದರು. ಖರ್ಚು ತೂಗಿಸಲು ಹೊರಗೆ ಕಾರ್ಯಕ್ರಮ ಕೊಡಲೇಬೇಕಾಯಿತು. ಊರೂರು ತಿರುಗುವ ರೂಢಿ ಬೆಳೆದದ್ದು ಹಾಗೆ. ಇಂದು ಅಲ್ಲಿ ಸುಮಾರು 100 ಹುಡುಗರು, ನಾಲ್ಕು ತಂಡಗಳು, ಪ್ರತಿ ತಂಡಕ್ಕೂ ಒಬ್ಬ ಗುರು. ಒಂದೊಂದು ತಂಡ ವರ್ಷಕ್ಕೆ 9ರಿಂದ 11 ವಾರ ಮಾತ್ರ ಪ್ರವಾಸದಲ್ಲಿರುತ್ತದೆ, ಉಳಿದಂತೆ ಓದು. ನಾಲ್ಕೂ ತಂಡಗಳ ಮೇಲೆ ಒಬ್ಬ ಕಲಾ ನಿರ್ದೇಶಕರು. 2001ರಲ್ಲಿ ಆ ಹೊಣೆ ಹೊತ್ತ ಗೆರಾಲ್ಡ್ ವಿರ್ತ್ ಬಾಲ್ಯದಲ್ಲಿ ಅದೇ ತಂಡದಲ್ಲಿ ಹಾಡಿದವರು. ದನಿ ಒಡೆಯುವ ವಯಸ್ಸನ್ನು ಹಾಡುಗಾರನಾಗಿ ದಾಟಿ ಬಂದವರ ಕೈಯಲ್ಲಿ ಮಕ್ಕಳು ಸುರಕ್ಷಿತ ಎಂಬುದು ನನ್ನ ನಂಬಿಕೆ.

ಅದೇ ಅರಮನೆಯ ಮಂದಿರದಲ್ಲಿ ಬಾಲಕನಾಗಿ ಹಾಡುತ್ತಿದ್ದ ಫ್ರಾಂಜ್ ಶೂಬರ್ಟ್‌ನ ದನಿ ಹದಿನೈದನೆಯ ವಯಸ್ಸಿನಲ್ಲಿ ಒಡೆಯಿತು. ತನ್ನ ಸ್ವರದ ಹಾಳೆಯ ಮೇಲೆ, ತಾನು ಕೊನೆಯ ಸಲ ಕೂಗಿದ್ದು ಎಂದು 1812ರ ಜುಲೈ 26ರ ತಾರೀಖು ಹಾಕಿ ಬರೆದಿಟ್ಟ. ಮುಂದೆ ಅವನು ರಚಿಸಿದ ಗೀತೆಗಳು 600ಕ್ಕೂ ಹೆಚ್ಚು. ನಮ್ಮ ಜಿಲ್ಲೆಯನ್ನೇ ನೋಡಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್‌.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಹಾಡುಗಾರಿಕೆಯ ಆಯುಷ್ಯ ಅಷ್ಟು ದೊಡ್ಡದಿರುವಾಗ ಹದಿಮೂರರ ಹುಡುಗನಿಗೆ ಆರು ತಿಂಗಳು ವಿಶ್ರಾಂತಿ ಕೊಡಲು ನಾವೇಕೆ ಹಿಂಜರಿಯಬೇಕು?

ಹಾಡುಗಳ ಆಯ್ಕೆಯ ಬಗ್ಗೆಯೂ ಒಂದು ಮಾತು. ವಚನ, ದಾಸರ ಪದ, ಭಾವಗೀತೆ, ಜನಪದ ಇರುತ್ತವೆ. ಸಿನಿಮಾ ಹಾಡು ಇರುವುದಿಲ್ಲ. ಒಬ್ಬನೇ ನಿಂತು ಹಾಡುವ ಭಾಗವನ್ನು ಪ್ರತಿ ಊರಿನಲ್ಲೂ ಬೇರೆ ಬೇರೆ ಹುಡುಗರಿಗೆ ಕೊಡಲಾಗುವುದು. ಯಾರಿಗೆ ಎಲ್ಲಿ ಎಂಬುದು ಆಯಾ ದಿನ ಮಧ್ಯಾಹ್ನ ಗಂಟಲು ನೋಡಿಯೇ ತೀರ್ಮಾನ. ಆದ್ದರಿಂದ "ನಮ್ಮವನು ಚಿಕ್ಕಮಗಳೂರಿನಲ್ಲೇ ಹಾಡಲಿ, ನೆಂಟರು ಬರುತ್ತಾರೆ" ಎಂಬ ಕೋರಿಕೆಯನ್ನು ದಯವಿಟ್ಟು ತರಬೇಡಿ.

ಹೆಣ್ಣುಮಕ್ಕಳ ತಂದೆತಾಯಿಯರು ಕೇಳಿದ್ದಕ್ಕೂ ಉತ್ತರಿಸುತ್ತೇನೆ. ಬಾಲಕಿಯರ ತಂಡ ಬೇರೆಯೇ ಇದೆ, ಅದೇ ಶಿಕ್ಷಕಿಯ ಕೈಯಲ್ಲಿದೆ, ಅದರ ಪ್ರವಾಸ ಜನವರಿಯಲ್ಲಿ. ಎರಡಕ್ಕೂ ಶಾಲೆ ಸಮನಾಗಿ ಖರ್ಚು ಮಾಡುತ್ತದೆ.

ಇನ್ನು ಮನೆಯಲ್ಲಿ ಆಗಬೇಕಾದ್ದು. ಹೊರಡುವ ಮುಂಚಿನ ವಾರ ಹುಡುಗರು ಮೈದಾನದಲ್ಲಿ ಕಿರುಚಾಡದಂತೆ ನೋಡಿಕೊಳ್ಳಿ. ಮನೆಗೆ ಬಂದವರ ಮುಂದೆ "ಒಂದು ಹಾಡು ಹೇಳು" ಎಂದು ನಿಲ್ಲಿಸಬೇಡಿ. ಮೂಡಿಗೆರೆ, ಸಕಲೇಶಪುರದ ಕಡೆ ಬೆಳಗಿನ ಹೊತ್ತು ಚಳಿ, ಮಳೆಯೂ ಬರಬಹುದು. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕೊಡೆ, ಬಿಸಿನೀರಿಗೆ ಫ್ಲಾಸ್ಕ್ ಕಳುಹಿಸಿ. ಮೊಬೈಲ್ ಬೇಡ. ರಾತ್ರಿ ಊಟವಾದ ಮೇಲೆ ಪ್ರತಿಯೊಬ್ಬ ಹುಡುಗನೂ ಶಿಕ್ಷಕರ ಫೋನಿನಿಂದ ಮನೆಗೆ ಮಾತನಾಡುತ್ತಾನೆ. ಮಾತ್ರೆ, ಔಷಧಿ ತೆಗೆದುಕೊಳ್ಳುವ ಮಕ್ಕಳಿದ್ದರೆ ವೈದ್ಯರ ಚೀಟಿಯೊಂದಿಗೆ ತರಗತಿ ಶಿಕ್ಷಕರ ಕೈಗೇ ಕೊಡಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶುಕ್ರವಾರದೊಳಗೆ ಕಳುಹಿಸಬೇಕಾಗಿ ವಿನಂತಿ. ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಸಂಗೀತ ಶಿಕ್ಷಕಿಯವರು ಶಾಲೆಯಲ್ಲೇ ಇರುತ್ತಾರೆ. ಮಗನ ದನಿಯ ಬಗ್ಗೆ ಕೇಳುವುದಿದ್ದರೆ ಅವರನ್ನೇ ಕಾಣಿ, ಹುಡುಗನನ್ನೂ ಜೊತೆಗೆ ಕರೆತನ್ನಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಹಾಸನ