ಕಸಾಲ್ಸರ ಮೌನದ ಜೊತೆಗೆ ಅವರ ಕಮಾನೂ ನೆನಪಿರಲಿ

ಮಾನ್ಯ ಸಂಪಾದಕರಿಗೆ,

ಕಲಾವಿದರ ಪ್ರತಿಭಟನೆಯನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಬಂದ ಲೇಖನದಲ್ಲಿ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕ ಪಾಬ್ಲೊ ಕಸಾಲ್ಸರಿಗೆ ಒಂದು ಪ್ಯಾರಾ ಸಿಕ್ಕಿದೆ. ಸ್ಪೇನಿನಲ್ಲಿ ಫ್ರಾಂಕೊ ನಡೆಸಿದ ಸರ್ವಾಧಿಕಾರವನ್ನು ವಿರೋಧಿಸಿ ಅವರು ಕೊನೆಯವರೆಗೂ ವಾದ್ಯ ಮುಟ್ಟಲಿಲ್ಲ ಎಂಬಲ್ಲಿಗೆ ಆ ಪ್ಯಾರಾ ಮುಗಿಯುತ್ತದೆ. ವಿರೋಧ ನಿಜ, ಕೊನೆಯವರೆಗೂ ಎಂಬುದು ನಿಜವಲ್ಲ. 1876ರ ಡಿಸೆಂಬರ್ 29ರಂದು ಹುಟ್ಟಿದ ಅವರಿಗೆ 2026ಕ್ಕೆ ನೂರೈವತ್ತು ತುಂಬುವುದರಿಂದ, ಲೇಖನದಲ್ಲಿ ಬಿಟ್ಟುಹೋದ ಸಂಗತಿಗಳನ್ನು ಓದುಗರ ಮುಂದಿಡಬೇಕೆನಿಸಿತು.

ಸ್ಪೇನಿನ ಕ್ಯಾಟಲೋನಿಯಾಕ್ಕೆ ಸೇರಿದ ಎಲ್ ವೆಂಡ್ರೆಲ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರ ಮಗ ಕಸಾಲ್ಸ್, 1888ರಲ್ಲಿ ಬಾರ್ಸಿಲೋನಾದ ಸಂಗೀತಶಾಲೆಗೆ ಸೇರಿದರು. ಕಮಾನು ಹಿಡಿದ ತೋಳು ಮೈಯಿಂದ ದೂರ ಸರಿಯಬಾರದೆಂದು ವಿದ್ಯಾರ್ಥಿಗಳ ಕಂಕುಳಲ್ಲಿ ಪುಸ್ತಕ ಸಿಕ್ಕಿಸಿ ಅಭ್ಯಾಸ ಮಾಡಿಸುತ್ತಿದ್ದ ಕಾಲವದು. ಹುಡುಗ ಆ ಪುಸ್ತಕವನ್ನು ಒಪ್ಪಲಿಲ್ಲ. ತೋಳನ್ನು ಸಡಿಲ ಬಿಟ್ಟದ್ದಲ್ಲದೆ, ಎಡಗೈಯನ್ನು ತಂತಿಯ ಮೇಲೆ ಹಿಂದೆ ಮುಂದೆ ಜಾರಿಸುವ ಬದಲು ಬೆರಳುಗಳನ್ನೇ ಅಗಲಿಸಿ ಸ್ವರ ಮುಟ್ಟುವ ಕ್ರಮವನ್ನು ರೂಢಿಸಿಕೊಂಡ. (ನಮ್ಮ ಪಿಟೀಲಿನವರಿಗೆ ಜಾರು ಒಂದು ಅಲಂಕಾರ, ಅಲ್ಲಿ ಅದು ಬೇಡದ ಕಡೆಯಲ್ಲೆಲ್ಲ ನುಸುಳುವ ಉಪದ್ರವವಾಗಿತ್ತು.) ಇಂದು ಚೆಲ್ಲೊ ಕಲಿಯುವವರು ಸಹಜವೆಂದುಕೊಂಡಿರುವ ಕೈಚಳಕದ ಬಹುಭಾಗ ಅವರಿಂದ ಬಂದದ್ದು.

ಹದಿಮೂರರ ವಯಸ್ಸಿನಲ್ಲಿ, ತಂದೆಯ ಜೊತೆ ಬಂದರಿನ ಬಳಿಯ ಹಳೆಯ ಅಂಗಡಿಯೊಂದರಲ್ಲಿ ಹುಡುಕುತ್ತಿದ್ದಾಗ, ಒಂಟಿ ಚೆಲ್ಲೊಗಾಗಿ ಜರ್ಮನ್ ಸಂಗೀತ ರಚನಕಾರ ಬಾಖ್ ರಚಿಸಿದ ಆರು ಸೂಟ್‌ಗಳ (ನೃತ್ಯಲಯದ ತುಣುಕುಗಳ ಮಾಲೆಗಳ) ಸ್ವರಲಿಪಿ ಅವರ ಕೈಗೆ ಸಿಕ್ಕಿತು. ಅವುಗಳನ್ನು ಬೆರಳು ಪಳಗಿಸುವ ಪಾಠಗಳೆಂದು ಭಾವಿಸಿದ್ದವರೇ ಹೆಚ್ಚು. ಕಛೇರಿಯಲ್ಲಿ ಯಾರಾದರೂ ನುಡಿಸಿದರೂ ಒಂದು ಭಾಗ ನುಡಿಸಿ ಬಿಡುತ್ತಿದ್ದರು. ಕಸಾಲ್ಸ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವುಗಳನ್ನು ದಿನವೂ ಸಾಧಕ ಮಾಡಿ, ಆಮೇಲಷ್ಟೇ ಇಡೀ ಸೂಟನ್ನು ಜನರೆದುರು ನುಡಿಸಿದರು.

ಅವರ ರಾಜಕೀಯವನ್ನು ಮೆಚ್ಚುವವರು ಕೂಡ 1926ರಲ್ಲಿ ಬಾರ್ಸಿಲೋನಾದಲ್ಲಿ ಶುರುವಾದ ಕಾರ್ಮಿಕರ ಸಂಗೀತಸಭೆಯನ್ನು ನೆನೆಯದಿರುವುದು ನನಗೆ ಸೋಜಿಗ. ಕಡಿಮೆ ಸಂಬಳದವರಿಗೆ ಮಾತ್ರ ಸದಸ್ಯತ್ವ, ಅದಕ್ಕೆ ಅತ್ಯಲ್ಪ ಚಂದಾ, ಭಾನುವಾರ ಬೆಳಿಗ್ಗೆ ಕಸಾಲ್ಸರೇ ಕಟ್ಟಿ ಬೆಳೆಸಿದ ವಾದ್ಯವೃಂದದ ಕಛೇರಿ. ತಮ್ಮ ಗಳಿಕೆಯಿಂದ ಹಣ ಸುರಿದು ಆ ವೃಂದವನ್ನು ಅವರು ವರ್ಷಗಟ್ಟಲೆ ನಡೆಸಿದ್ದರು. 1936ರ ಜುಲೈ 18ರ ಸಂಜೆ ಅದೇ ವೃಂದ ಬೀಥೋವನ್‌ನ ಒಂಬತ್ತನೆಯ ಸಿಂಫೊನಿಯ ತಾಲೀಮಿನಲ್ಲಿದ್ದಾಗ, ಸೇನೆ ದಂಗೆಯೆದ್ದಿದೆ, ಕಛೇರಿ ರದ್ದಾಗಿದೆ, ಎಲ್ಲರೂ ಮನೆ ಸೇರಿಕೊಳ್ಳಿ ಎಂಬ ಸುದ್ದಿ ಬಂತು. ಕಸಾಲ್ಸ್ ಎಲ್ಲರನ್ನೂ ಕೇಳಿ, ಕೊನೆಯ ಭಾಗವನ್ನು ಪೂರ್ತಿ ನುಡಿಸಿ ಹಾಡಿಸಿಯೇ ಕಳುಹಿಸಿದರು.

ಆ ದಂಗೆಯಿಂದ ಹುಟ್ಟಿದ ಅಂತರ್ಯುದ್ಧದಲ್ಲಿ ಫ್ರಾಂಕೊ ಗೆಲ್ಲುವ ಹೊತ್ತಿಗೆ, 1939ರಲ್ಲಿ, ಕಸಾಲ್ಸ್ ದೇಶ ಬಿಟ್ಟು ಫ್ರಾನ್ಸಿನ ಗಡಿಯಂಚಿನ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ನಿರಾಶ್ರಿತರ ಶಿಬಿರಗಳಿಗೆ ನೆರವು ಒದಗಿಸುತ್ತಿದ್ದರು. ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ ಮೊದಲಾದ ದೇಶಗಳು ಫ್ರಾಂಕೊನನ್ನು ಅಲುಗಾಡಿಸುವುದಿಲ್ಲವೆಂದು ಖಚಿತವಾದಾಗ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಕೊಡಲು ಮುಂದಾದ ಗೌರವ ಪದವಿಗಳನ್ನು ನಿರಾಕರಿಸಿ ಕಛೇರಿಗಳನ್ನೇ ನಿಲ್ಲಿಸಿಬಿಟ್ಟರು. ಲೇಖನ ಹೇಳುವ ಮೌನ ಇದೇ.

ಆದರೆ 1950ರಲ್ಲಿ, ಬಾಖ್ ತೀರಿಕೊಂಡು ಇನ್ನೂರು ವರ್ಷವಾದ ಸಂದರ್ಭಕ್ಕೆ, ಹೊರಗೆ ಹೋಗಲೊಪ್ಪದ ಕಸಾಲ್ಸರಿಗಾಗಿ ಸಂಗೀತಗಾರರೇ ಪ್ರಾದ್‌ಗೆ ಬಂದು ಉತ್ಸವ ನಡೆಸಿದರು, ಅವರೂ ನುಡಿಸಿದರು. ಮುಂದೆ ತಾಯಿಯ ತವರಾದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ನೆಲೆ ನಿಂತರು. 1961ರ ನವೆಂಬರಿನಲ್ಲಿ, ಫ್ರಾಂಕೊ ಸರ್ಕಾರದೊಂದಿಗೆ ಸೇನಾ ಒಪ್ಪಂದ ಮಾಡಿಕೊಂಡಿದ್ದ ಅಮೆರಿಕದ ಅಧ್ಯಕ್ಷ ಕೆನಡಿಯವರ ಆಹ್ವಾನದ ಮೇಲೆ ಶ್ವೇತಭವನದಲ್ಲಿ ನುಡಿಸಿದರು. ಪ್ರತಿಜ್ಞೆ ಇಲ್ಲಿ ಸಡಿಲವಾಯಿತೆಂದೇ ಹೇಳಬೇಕು, ಅದನ್ನು ಮುಚ್ಚಿಟ್ಟು ಅವರನ್ನು ಪೂಜೆಗೆ ಕೂರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಸ್ಪೇನಿನಲ್ಲಿ ಮಾತ್ರ ಅವರು ಮತ್ತೆ ಕಛೇರಿ ನೀಡಲಿಲ್ಲ: 1973ರ ಅಕ್ಟೋಬರಿನಲ್ಲಿ, ಫ್ರಾಂಕೊಗಿಂತ ಎರಡು ವರ್ಷ ಮೊದಲು, 96ರ ವಯಸ್ಸಿನಲ್ಲಿ ತೀರಿಕೊಂಡರು, ಪಾರ್ಥಿವ ಶರೀರ ಹುಟ್ಟೂರು ಸೇರಿದ್ದು 1979ರಲ್ಲಿ.

ನೂರೈವತ್ತರ ನೆಪದಲ್ಲಿ ತಮ್ಮ ಪತ್ರಿಕೆ ಮತ್ತೊಂದು ಲೇಖನ ಪ್ರಕಟಿಸುವುದಾದರೆ, ಅದನ್ನು ಸಂಗೀತ ಬಲ್ಲವರಿಂದ ಬರೆಸಬೇಕೆಂದು ವಿನಂತಿ. ಕೇಳಬಯಸುವ ಓದುಗರಿಗೆ, 1936ರಿಂದ 1939ರ ನಡುವೆ ಅವರು ಧ್ವನಿಮುದ್ರಿಸಿದ ಆರೂ ಸೂಟ್‌ಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮುದ್ರಿಕೆಯ ಕರಕರ ಸದ್ದನ್ನು ಸಹಿಸಿಕೊಂಡು ಎರಡನೆಯ ಸೂಟ್‌ನಿಂದ ಆರಂಭಿಸಬಹುದು; ತಮ್ಮ ನಾಡಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಲಂಡನ್ನಿನಲ್ಲಿ ಅವರು ಮೊದಲು ಮುದ್ರಿಸಿದ್ದು ಅದನ್ನು ಮತ್ತು ಮೂರನೆಯದನ್ನು.

ಇತಿ,
ತಮ್ಮ ಓದುಗ,
ಧಾರವಾಡ